ವಿಕಿಗೆ ನಮ್ಮದೇ ಪ್ರಾಶಸ್ತ್ಯ ಸೇರಿಸುವುದು ಹೇಗೆ? – ಒಂದು ಪಾಠ, ಒಂದು ತಪ್ಪು



ನಮ್ಮ ಕಂಪ್ಯೂಟರ್ ಲ್ಯಾಬ್‌ನ ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕದ ಕಂಪ್ಯೂಟರಿನಲ್ಲಿ ಕಾಲೇಜಿನದೇ ಒಂದು ಟಿಪ್ಪಣಿ ವಿಕಿ ಇರುವುದು ನಿಮಗೆಲ್ಲ ಗೊತ್ತು. ಪಾಠದ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರ, ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವ ಕ್ರಮ ಎಲ್ಲವೂ ಅದರಲ್ಲಿದೆ. ಲ್ಯಾಬ್ ಮತ್ತು ಲೈಬ್ರರಿಯ ಕಂಪ್ಯೂಟರ್‌ಗಳಿಂದ ಮಾತ್ರ ಅದನ್ನು ತೆರೆಯಬಹುದು. ಕಳೆದ ವರ್ಷ ನಾನು ಪ್ರಥಮ ಪಿಯುಸಿಯಲ್ಲಿದ್ದಾಗ ನಮ್ಮ ಕಂಪ್ಯೂಟರ್ ಸೈನ್ಸ್ ಮಿಸ್ ಅದನ್ನು ಸ್ಥಾಪಿಸಿದರು. ಈ ವರ್ಷ ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು.

ಆ ವಿಕಿಗೆ ನಾನು ಒಂದು ಹೊಸ ಸೆಟ್ಟಿಂಗ್ ಸೇರಿಸಿದೆ. ಅದು ಸರಿಯಾಗಿಯೇ ಕೆಲಸ ಮಾಡಿತು. ಆದರೂ ಅದರಿಂದ ಒಬ್ಬ ಹುಡುಗಿಗೆ ನೋವಾಯಿತು. ಹೇಗೆ ಸೇರಿಸಿದೆ ಎಂಬುದನ್ನು ಮೊದಲು ಹೇಳುತ್ತೇನೆ, ಎಲ್ಲಿ ತಪ್ಪಿದೆ ಎಂಬುದನ್ನು ಆಮೇಲೆ. ಎರಡನೆಯದು ಅರ್ಥವಾಗಬೇಕಾದರೆ ಮೊದಲನೆಯದು ತಿಳಿದಿರಬೇಕು.

ಮೀಡಿಯಾವಿಕಿ ಎಂದರೇನು?

ಯಾರು ಬೇಕಾದರೂ ಬ್ರೌಸರಿನಲ್ಲೇ ತಿದ್ದಬಹುದಾದ ಪುಟಗಳ ಸಂಗ್ರಹಕ್ಕೆ ವಿಕಿ ಎನ್ನುತ್ತಾರೆ. ಹವಾಯಿ ಭಾಷೆಯಲ್ಲಿ 'ವಿಕಿ' ಎಂದರೆ ಬೇಗ. ಮೊದಲ ವಿಕಿಯನ್ನು ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ಪ್ರೋಗ್ರಾಮರ್ 1995ರ ಮಾರ್ಚ್‌ನಲ್ಲಿ ಆರಂಭಿಸಿದರು. ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ರಂದು. ಅದಕ್ಕಾಗಿ ಪಿಎಚ್‌ಪಿ ಭಾಷೆಯಲ್ಲಿ, 2002ರಲ್ಲಿ ಬಳಕೆಗೆ ಬಂದ ಹೊಸ ತಂತ್ರಾಂಶ ಬರೆದವರು ಮ್ಯಾಗ್ನಸ್ ಮಾನ್ಸ್ಕೆ. ಆಗ ಅವರು ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅದೇ ವರ್ಷ ಲೀ ಡೇನಿಯಲ್ ಕ್ರಾಕರ್ ಅದನ್ನು ಮತ್ತೆ ಹೊಸದಾಗಿ ಬರೆದರು. 2003ರಲ್ಲಿ ಅದಕ್ಕೆ ಮೀಡಿಯಾವಿಕಿ ಎಂಬ ಹೆಸರು ಬಂತು. ಕನ್ನಡ ವಿಕಿಪೀಡಿಯ, 2016ರಲ್ಲಿ ತೆರೆದ ತುಳು ವಿಕಿಪೀಡಿಯ, ನಮ್ಮ ಲ್ಯಾಬ್‌ನ ಪುಟ್ಟ ವಿಕಿ ಎಲ್ಲವೂ ನಡೆಯುವುದು ಇದೇ ತಂತ್ರಾಂಶದ ಮೇಲೆ. ಇದು ಮುಕ್ತ ತಂತ್ರಾಂಶ. ಯಾರಿಗೂ ಹಣ ಕೊಡಬೇಕಾಗಿಲ್ಲ, ಒಳಗಿನ ಕೋಡನ್ನು ಯಾರೂ ಓದಬಹುದು.

ಪ್ರಾಶಸ್ತ್ಯಗಳ ಪುಟ

ವಿಕಿಯಲ್ಲಿ ಲಾಗಿನ್ ಆದ ಮೇಲೆ ಮೇಲ್ಭಾಗದಲ್ಲಿ 'ಪ್ರಾಶಸ್ತ್ಯಗಳು' ಎಂಬ ಕೊಂಡಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಪ್ರಿಫರೆನ್ಸಸ್ ಎನ್ನುವುದು ಇದನ್ನೇ. ಪುಟದ ಭಾಷೆ ಕನ್ನಡವಿರಲಿ ಅಥವಾ ಉರ್ದುವಿರಲಿ, ದಿನಾಂಕ ಯಾವ ಕ್ರಮದಲ್ಲಿ ಕಾಣಲಿ, ಪುಟದ ನೋಟ ಹೇಗಿರಲಿ, ಇವೆಲ್ಲವನ್ನೂ ಪ್ರತಿಯೊಬ್ಬ ಸದಸ್ಯರು ತಮಗೆ ಬೇಕಾದಂತೆ ಅಲ್ಲಿ ಆರಿಸಬಹುದು. ಒಬ್ಬರ ಆಯ್ಕೆ ಇನ್ನೊಬ್ಬರ ಪರದೆಯನ್ನು ಬದಲಿಸುವುದಿಲ್ಲ.

ನಮ್ಮ ವಿಕಿಯಲ್ಲಿ ಸದಸ್ಯರು ತಮಗಿಷ್ಟವಾದ ಹೆಸರಿಟ್ಟುಕೊಂಡಿದ್ದಾರೆ. ಒಬ್ಬಳು 'ಮಳೆಹನಿ', ಇನ್ನೊಬ್ಬಳು 'ಬಾವಿಕಟ್ಟೆ'. ನಿಜವಾದ ಹೆಸರು ಖಾತೆಯ ವಿವರದಲ್ಲಿದ್ದರೂ ಪುಟದಲ್ಲಿ ಕಾಣುವುದಿಲ್ಲ. ಒಳ್ಳೆಯ ನೋಟ್ಸ್ ಬರೆದವರು ಯಾರೆಂದು ತಿಳಿದರೆ ಉಳಿದವರಿಗೂ ಉತ್ಸಾಹ ಬರುತ್ತದೆ ಎಂದು ನನಗನ್ನಿಸಿತು. ಹಾಗಾಗಿ ಪ್ರಾಶಸ್ತ್ಯಗಳ ಪುಟದಲ್ಲಿ ಒಂದು ಚೌಕ ಸೇರಿಸಲು ಹೊರಟೆ: 'ನಾನು ಬರೆದ ಪುಟಗಳ ಕೆಳಗೆ ನನ್ನ ನಿಜವಾದ ಹೆಸರು ತೋರಿಸಿ.' ಟಿಕ್ ಹಾಕಿದವರ ಹೆಸರು ಮಾತ್ರ ಕಾಣಬೇಕು.

ಎಕ್ಸ್‌ಟೆನ್ಷನ್ ಏಕೆ ಬೇಕು?

ಮೀಡಿಯಾವಿಕಿಯ ಮೂಲ ಕೋಡಿನಲ್ಲೇ ಎರಡು ಸಾಲು ಸೇರಿಸಿದರಾಗದೇ ಎಂದು ನಾನು ಮಿಸ್‌ರನ್ನು ಕೇಳಿದೆ. "ಆಗುತ್ತದೆ. ಆದರೆ ಮುಂದಿನ ಸಲ ಹೊಸ ಆವೃತ್ತಿ ಹಾಕಿದಾಗ ನಿನ್ನ ಎರಡು ಸಾಲು ಅಳಿಸಿಹೋಗುತ್ತದೆ" ಎಂದರು. ಅದಕ್ಕೇ ಮೀಡಿಯಾವಿಕಿಯಲ್ಲಿ 'ಎಕ್ಸ್‌ಟೆನ್ಷನ್ಸ್' ಎಂಬ ಪ್ರತ್ಯೇಕ ಫೋಲ್ಡರ್ ಇದೆ. ನಮ್ಮ ಸೇರ್ಪಡೆಗಳು ಅದರೊಳಗೆ ಇರುತ್ತವೆ. ಮೂಲ ಕೋಡನ್ನು ಮುಟ್ಟುವುದಿಲ್ಲ.

ಮುಟ್ಟದೆ ಮಾತಾಡಿಸುವುದು ಹೇಗೆ? ಅದಕ್ಕಿರುವುದು ಹುಕ್. ನಮ್ಮ ಬೆಳಗಿನ ಅಸೆಂಬ್ಲಿಯನ್ನು ನೆನಪಿಸಿಕೊಳ್ಳಿ. ಎಲ್ಲ ಮುಗಿಯುವ ಮುನ್ನ ಪ್ರಿನ್ಸಿಪಾಲರು ಒಂದು ಕ್ಷಣ ನಿಂತು, "ಯಾರಿಗಾದರೂ ಏನಾದರೂ ಪ್ರಕಟಣೆ ಇದೆಯೇ?" ಎಂದು ಕೇಳುತ್ತಾರೆ. ಇದ್ದವರು ಮುಂದೆ ಬಂದು ಹೇಳುತ್ತಾರೆ, ಇಲ್ಲದಿದ್ದರೆ ಅಸೆಂಬ್ಲಿ ಮುಂದುವರಿಯುತ್ತದೆ. ಮೀಡಿಯಾವಿಕಿಯೂ ತನ್ನ ಕೆಲಸದ ನಡುವೆ ಗೊತ್ತಾದ ಕಡೆಗಳಲ್ಲಿ ಹೀಗೆ ನಿಂತು ಕೇಳುತ್ತದೆ. ಪ್ರಾಶಸ್ತ್ಯಗಳ ಪಟ್ಟಿ ತಯಾರಿಸುವಾಗ ಅದು ಕೇಳುವ ಪ್ರಶ್ನೆಗೆ 'ಗೆಟ್‌ಪ್ರಿಫರೆನ್ಸಸ್' ಹುಕ್ ಎಂದು ಹೆಸರು.

ಬೇಕಾಗುವ ನಾಲ್ಕು ಭಾಗಗಳು

ಮೊದಲನೆಯದು, ಪರಿಚಯ ಪತ್ರ. ನಮ್ಮ ಎಕ್ಸ್‌ಟೆನ್ಷನ್‌ನ ಫೋಲ್ಡರಿನಲ್ಲಿ 'ಎಕ್ಸ್‌ಟೆನ್ಷನ್ ಡಾಟ್ ಜೇಸನ್' ಎಂಬ ಕಡತ ಇರಬೇಕು. ಎಕ್ಸ್‌ಟೆನ್ಷನ್‌ನ ಹೆಸರು, ಯಾವ ಹುಕ್‌ಗೆ ಯಾವ ಕ್ಲಾಸ್ ಉತ್ತರಿಸುತ್ತದೆ, ಸಂದೇಶಗಳು ಯಾವ ಫೋಲ್ಡರಿನಲ್ಲಿವೆ, ಪ್ರಾಶಸ್ತ್ಯದ ಡಿಫಾಲ್ಟ್ ಬೆಲೆ ಏನು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಇಲ್ಲಿ ಎಚ್ಚರ: ಪಟ್ಟಿಯ ಕೊನೆಯ ಅಂಶದ ನಂತರ ಅಲ್ಪವಿರಾಮ ಹಾಕಿದರೆ ಜೇಸನ್ ಒಪ್ಪುವುದಿಲ್ಲ. ಅಂಥ ಒಂದೇ ಒಂದು ಅಲ್ಪವಿರಾಮದಿಂದ ನಮ್ಮ ಇಡೀ ವಿಕಿ ಅರ್ಧ ದಿನ ತೆರೆಯಲಿಲ್ಲ.

ಎರಡನೆಯದು, ಹುಕ್‌ಗೆ ಉತ್ತರಿಸುವ ಫಂಕ್ಷನ್. ಮೀಡಿಯಾವಿಕಿ ಅದಕ್ಕೆ ಎರಡು ವಸ್ತು ಕೊಡುತ್ತದೆ: ಸದಸ್ಯ ಯಾರು ಎಂಬ ವಿವರ ಮತ್ತು ಈವರೆಗೆ ಸಿದ್ಧವಾದ ಪ್ರಾಶಸ್ತ್ಯಗಳ ಪಟ್ಟಿ. ಪಟ್ಟಿಗೆ ನಾವು ನಮ್ಮದೊಂದನ್ನು ಸೇರಿಸಬೇಕು. ಪಿಎಚ್‌ಪಿಯಲ್ಲಿ ಆ ಪಟ್ಟಿಯ ಹೆಸರಿನ ಮುಂದೆ 'ಆ್ಯಂಪರ್‌ಸ್ಯಾಂಡ್' ಚಿಹ್ನೆ ಹಾಕಲೇಬೇಕು. ಇಲ್ಲದಿದ್ದರೆ ನಮ್ಮ ಕೈಗೆ ಸಿಗುವುದು ಪಟ್ಟಿಯ ನಕಲು. ನಕಲಿನಲ್ಲಿ ಎಷ್ಟು ಬರೆದರೂ ಅಸಲಿಗೆ ಸೇರುವುದಿಲ್ಲ.

ಸೇರಿಸುವ ಅಂಶ, ಪೈಥಾನ್ ಕಲಿತವರಿಗೆ ಗೊತ್ತಿರುವ ಡಿಕ್ಷನರಿಯ ಹಾಗಿರುತ್ತದೆ. ಅದರಲ್ಲಿ ಮುಖ್ಯವಾಗಿ ಮೂರು ವಿಷಯಗಳಿರುತ್ತವೆ. 'ಟೈಪ್' ಎಂದರೆ ಯಾವ ಬಗೆಯ ಅಂಶ: ಟಿಕ್ ಹಾಕುವ ಚೌಕವಾದರೆ 'ಟಾಗಲ್', ಬರೆಯುವ ಜಾಗವಾದರೆ 'ಟೆಕ್ಸ್ಟ್', ಪಟ್ಟಿಯಿಂದ ಆರಿಸುವುದಾದರೆ 'ಸೆಲೆಕ್ಟ್', ಕೆಲವು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುವುದಾದರೆ 'ರೇಡಿಯೊ'. 'ಸೆಕ್ಷನ್' ಎಂದರೆ ಪುಟದ ಯಾವ ವಿಭಾಗದಲ್ಲಿ ಕಾಣಬೇಕು ಎಂಬುದು. ನಡುವೆ ಓರೆಗೆರೆ ಹಾಕಿ ಉಪವಿಭಾಗವನ್ನೂ ಹೇಳಬಹುದು. 'ಲೇಬಲ್ ಮೆಸೇಜ್' ಎಂದರೆ ಚೌಕದ ಪಕ್ಕದಲ್ಲಿ ಕಾಣಬೇಕಾದ ವಾಕ್ಯದ ಗುರುತು.

ವಾಕ್ಯವನ್ನೇ ಬರೆಯದೆ ಅದರ ಗುರುತನ್ನು ಮಾತ್ರ ಏಕೆ ಬರೆಯಬೇಕು? ಅದಕ್ಕೆ ಉತ್ತರ ಮೂರನೆಯ ಭಾಗದಲ್ಲಿದೆ, ಅಂದರೆ ಸಂದೇಶಗಳ ಕಡತಗಳಲ್ಲಿ. ಪ್ರತಿ ಭಾಷೆಗೂ ಒಂದೊಂದು ಕಡತ ಇರುತ್ತದೆ. ಗುರುತು ಒಂದೇ, ವಾಕ್ಯ ಬೇರೆ ಬೇರೆ. ಕನ್ನಡ ಆರಿಸಿದವರಿಗೆ ಕನ್ನಡ ವಾಕ್ಯ, ಉರ್ದು ಆರಿಸಿದವರಿಗೆ ಉರ್ದು ವಾಕ್ಯ ಕಾಣುತ್ತದೆ. ಕನ್ನಡದ ಕಡತದಲ್ಲಿ ವಾಕ್ಯ ಇಲ್ಲದಿದ್ದರೆ ಇಂಗ್ಲಿಷ್ ವಾಕ್ಯ ಬರುತ್ತದೆ. ಎಲ್ಲಿಯೂ ಇಲ್ಲದಿದ್ದರೆ ಗುರುತೇ ಚೂಪು ಕಂಸದೊಳಗೆ ಹಾಗೆಯೇ ಕಾಣಿಸುತ್ತದೆ. ನಿಮಗೆ ಹಾಗೆ ಕಂಡರೆ ಗಾಬರಿ ಬೇಡ. ಗುರುತಿನ ಅಕ್ಷರ ಎಲ್ಲೋ ತಪ್ಪಿದೆ ಎಂದೇ ಅರ್ಥ.

ನಾಲ್ಕನೆಯದು, ಆಹ್ವಾನ. ವಿಕಿಯ ಮುಖ್ಯ ಫೋಲ್ಡರಿನಲ್ಲಿರುವ 'ಲೋಕಲ್‌ಸೆಟ್ಟಿಂಗ್ಸ್' ಕಡತದ ಕೊನೆಯಲ್ಲಿ ನಮ್ಮ ಎಕ್ಸ್‌ಟೆನ್ಷನ್ ಲೋಡ್ ಮಾಡಲು ಒಂದು ಸಾಲು ಬರೆಯಬೇಕು. ಆ ಸಾಲು ಬರೆಯುವವರೆಗೆ ನಮ್ಮ ಫೋಲ್ಡರ್ ಅಲ್ಲಿ ಇದ್ದರೂ ಇಲ್ಲದ ಹಾಗೆ.

ಇಷ್ಟು ಮಾಡಿ ಪುಟವನ್ನು ಮತ್ತೆ ತೆರೆದಾಗ ನನ್ನ ಚೌಕ ಅಲ್ಲಿತ್ತು! ಅದನ್ನು ಉಳಿಸಿಕೊಳ್ಳುವ ಕೋಡ್ ನಾನು ಬರೆದಿರಲಿಲ್ಲ. ಸೇವ್ ಬಟನ್ ಒತ್ತಿದಾಗ ಉಳಿಸುವ ಕೆಲಸವನ್ನು ಮೀಡಿಯಾವಿಕಿಯೇ ಮಾಡುತ್ತದೆ. ಪುಟದ ಕೆಳಗೆ ಹೆಸರು ತೋರಿಸುವ ಫಂಕ್ಷನ್‌ನಲ್ಲಿ 'ಈ ಸದಸ್ಯರ ಆಯ್ಕೆ ಏನು?' ಎಂದು ಕೇಳಿದರೆ ಸಾಕು. ಕೇಳುವುದಕ್ಕೆ 'ಯೂಸರ್ ಆಪ್ಷನ್ಸ್ ಲುಕಪ್' ಎಂಬ ಸೇವೆ ಇದೆ.

ಆಯ್ಕೆ ಉಳಿಯುವುದು ಎಲ್ಲಿ?

ಡೇಟಾಬೇಸ್ ಪಾಠದಲ್ಲಿ ಟೇಬಲ್, ರೋ, ಕಾಲಂ ಎಂದು ಓದಿದ್ದೇವೆ. ಸದಸ್ಯರ ಆಯ್ಕೆಗಳಿಗಾಗಿ ಮೀಡಿಯಾವಿಕಿಯಲ್ಲಿ 'ಯೂಸರ್ ಪ್ರಾಪರ್ಟೀಸ್' ಎಂಬ ಟೇಬಲ್ ಇದೆ. ಅದರಲ್ಲಿ ಮೂರೇ ಕಾಲಂ: ಯಾವ ಸದಸ್ಯ, ಯಾವ ಪ್ರಾಶಸ್ತ್ಯ, ಏನು ಬೆಲೆ.

ಇಲ್ಲಿರುವ ಒಂದು ನಿಯಮವನ್ನು ನಾನು ಓದಿದ್ದೆ. ಆದರೆ ಅದರ ಅರ್ಥವನ್ನು ಯೋಚಿಸಿರಲಿಲ್ಲ. ಡಿಫಾಲ್ಟ್ ಬೆಲೆಗಿಂತ ಬೇರೆಯಾದದ್ದನ್ನು ಆರಿಸಿದರೆ ಮಾತ್ರ ಆ ಟೇಬಲ್‌ನಲ್ಲಿ ಒಂದು ರೋ ಸೇರುತ್ತದೆ. ಆಯ್ಕೆಯೂ ಡಿಫಾಲ್ಟೂ ಒಂದೇ ಆಗಿದ್ದರೆ ಏನನ್ನೂ ಬರೆಯುವುದಿಲ್ಲ. ಇದಕ್ಕೆ ಕಾರಣವೂ ಇದೆ. ವಿಕಿಪೀಡಿಯದಂಥ ದೊಡ್ಡ ತಾಣದಲ್ಲಿ ಕೋಟಿಗಟ್ಟಲೆ ಖಾತೆಗಳಿವೆ, ಪ್ರತಿ ಖಾತೆಗೂ ಹತ್ತಾರು ಪ್ರಾಶಸ್ತ್ಯಗಳಿವೆ. ಎಲ್ಲವನ್ನೂ ಬರೆದಿಟ್ಟರೆ ಟೇಬಲ್ ಸುಮ್ಮನೆ ಬೆಳೆಯುತ್ತಾ ಹೋಗುತ್ತದೆ. ರೋ ಇಲ್ಲದಿದ್ದರೆ ಡಿಫಾಲ್ಟ್ ಎಂದು ತಿಳಿದುಕೊಂಡರೆ ಜಾಗ ಉಳಿಯುತ್ತದೆ.

ನನ್ನ ಚೌಕದ ಡಿಫಾಲ್ಟ್ 'ಇಲ್ಲ' ಎಂದಿತ್ತು. ಅಂದರೆ ಹೆಸರು ಕಾಣುವುದಿಲ್ಲ.

ಒಂದು ಪದ ಬದಲಿಸಿದ ದಿನ

ಕೆಲವು ವಾರ ಕಳೆದರೂ ಟಿಕ್ ಹಾಕಿದವರು ಬೆರಳೆಣಿಕೆಯಷ್ಟು ಮಂದಿ. ವಾರ್ಷಿಕೋತ್ಸವದಲ್ಲಿ ವಿಕಿಗೆ ಬರೆದವರಿಗೆ ಪ್ರಮಾಣಪತ್ರ ಕೊಡುವ ಮಾತು ಬಂದಾಗ ನನಗೆ ಹೀಗನ್ನಿಸಿತು: ಯಾರೂ ಪ್ರಾಶಸ್ತ್ಯಗಳ ಪುಟವನ್ನು ತೆರೆದೇ ನೋಡಿಲ್ಲ, ಸೋಮಾರಿತನ. ಡಿಫಾಲ್ಟನ್ನೇ 'ಹೌದು' ಎಂದು ಮಾಡಿದರೆ ಎಲ್ಲರ ಹೆಸರೂ ಕಾಣುತ್ತದೆ, ಬೇಡದವರು ಟಿಕ್ ತೆಗೆಯಲಿ. ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬ್‌ಗೆ ಹೋಗಿ ಆ ಒಂದು ಪದ ಬದಲಿಸಿದೆ. ಯಾರನ್ನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಪ್ರಥಮ ಪಿಯುಸಿಯ ಒಬ್ಬ ಹುಡುಗಿ ಲ್ಯಾಬ್ ಬಾಗಿಲಲ್ಲಿ ನಿಂತಿದ್ದಳು. ಅವಳು ವಿಕಿಯಲ್ಲಿ ಬರೆದಿದ್ದ ಪುಟ ನಿಮ್ಮಲ್ಲಿ ಹಲವರಿಗೆ ಉಪಯೋಗವಾಗಿದೆ. ಫೀಸ್ ಬಾಕಿ ಇದ್ದರೆ ಕಂತಿನಲ್ಲಿ ಕಟ್ಟಲು ಮನವಿ ಬರೆಯುವುದು ಹೇಗೆ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುವುದು ಹೇಗೆ, ಸ್ಕಾಲರ್‌ಶಿಪ್ ಹಣ ಬರಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ನೋಡುವುದು ಹೇಗೆ ಎಂದೆಲ್ಲ ಒಂದೊಂದಾಗಿ ಬರೆದಿದ್ದಳು. ತನ್ನ ಮನೆಯ ಅನುಭವವನ್ನೂ ನಾಲ್ಕು ಸಾಲು ಬರೆದಿದ್ದಳು. ಯಾರೆಂದು ತಿಳಿಯುವುದಿಲ್ಲ ಎಂಬ ಧೈರ್ಯದಿಂದ ಬರೆದದ್ದು ಅದು. ಈಗ ಅದರ ಕೆಳಗೆ ಅವಳ ಪೂರ್ತಿ ಹೆಸರು ಇತ್ತು. ಲೈಬ್ರರಿಯಲ್ಲಿ ಕೆಲವರು ಓದಿಯೂ ಆಗಿತ್ತು.

"ಅಕ್ಕ, ನಾನು ಹೆಸರು ಬೇಡ ಅಂತಲೇ ಇಟ್ಟಿದ್ದೆ. ಮೊದಲು ಟಿಕ್ ಹಾಕಿ ನೋಡಿದೆ, ಹೆಸರು ಬಂತು. ಆಮೇಲೆ ತೆಗೆದು ಸೇವ್ ಮಾಡಿದ್ದೇನೆ" ಎಂದಳು.

ನಾನು ಡೇಟಾಬೇಸ್ ತೆರೆದು ನೋಡಿದೆ. ಅವಳ ಹೆಸರಿನಲ್ಲಿ ಒಂದು ರೋ ಕೂಡ ಇರಲಿಲ್ಲ. "ನೀನು ಸೇವ್ ಮಾಡಿರಲಿಕ್ಕಿಲ್ಲ ಮಾರಾಯ್ತಿ, ಇಲ್ಲಿ ಏನೂ ಇಲ್ಲ" ಎಂದುಬಿಟ್ಟೆ. ಅವಳು ಏನೂ ಹೇಳದೆ ಹೋದಳು.

ಇಡೀ ಘಟನೆಯಲ್ಲಿ ನನಗೆ ಈಗಲೂ ಹೆಚ್ಚು ಬೇಸರ ತರುವುದು ಆ ಮಾತು.

ತಪ್ಪಿದ್ದು ಎಲ್ಲಿ?

ಡಿಫಾಲ್ಟನ್ನು ಆಗಲೇ ಹಿಂದಕ್ಕೆ 'ಇಲ್ಲ' ಎಂದು ಮಾಡಿದೆ. ಹೆಸರುಗಳು ಪುಟದೊಳಗೆ ಬರೆದಿಟ್ಟವಲ್ಲ, ಪುಟ ತೆರೆಯುವಾಗ ಸೇರುವಂಥವು. ಹಾಗಾಗಿ ಕೂಡಲೇ ಮಾಯವಾದವು. ಆದರೆ ಓದಿದವರು ಓದಿಯಾಗಿತ್ತು.

ಸಂಜೆ ನನ್ನ ಖಾತೆಯಲ್ಲೇ ಪರೀಕ್ಷೆ ಮಾಡಿದೆ. ಟಿಕ್ ಹಾಕಿ ಸೇವ್ ಮಾಡಿದೆ: ಟೇಬಲ್‌ನಲ್ಲಿ ಒಂದು ರೋ ಬಂತು. ಟಿಕ್ ತೆಗೆದು ಸೇವ್ ಮಾಡಿದೆ: ಆ ರೋ ಹೋಯಿತು. ನಿಯಮದ ಪ್ರಕಾರ ಸರಿಯೇ. ಆಯ್ಕೆ ಡಿಫಾಲ್ಟ್‌ಗೆ ಸಮವಾಯಿತು, ಆದ್ದರಿಂದ ಬರೆದಿಡುವ ಅಗತ್ಯವಿಲ್ಲ. ಆ ಹುಡುಗಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳು 'ಬೇಡ' ಎಂದಿದ್ದಳು. ಆದರೆ ಅವಳ 'ಬೇಡ' ಎಲ್ಲಿಯೂ ದಾಖಲಾಗಿರಲಿಲ್ಲ.

ಅಂದರೆ, ರೋ ಇಲ್ಲದಿರುವುದಕ್ಕೆ ಮೂರು ಅರ್ಥಗಳಿರಬಹುದು. ಆ ಸದಸ್ಯರು ಪುಟವನ್ನೇ ನೋಡದಿರಬಹುದು. ನೋಡಿ, ಹೀಗೇ ಇರಲಿ ಎಂದು ಬಿಟ್ಟಿರಬಹುದು. ಬದಲಿಸಿ, ಬೇಡವೆಂದು ಹಿಂದಿನದಕ್ಕೇ ಮರಳಿರಬಹುದು. ಟೇಬಲ್‌ಗೆ ಈ ಮೂವರೂ ಒಂದೇ. ನಾನು ಮೂವರನ್ನೂ ಸೋಮಾರಿಗಳೆಂದು ತಿಳಿದು, ಅವರೆಲ್ಲರ ಪರವಾಗಿ ಒಂದೇ ಪದದಲ್ಲಿ 'ಹೌದು' ಎಂದುಬಿಟ್ಟಿದ್ದೆ.

ಮಿಸ್‌ಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಖಾತೆಯಲ್ಲಿರುವ ನಿಜ ಹೆಸರು ನಮ್ಮ ಕೈಗೆ ಕೊಟ್ಟ ಅಮಾನತ್. ಅದನ್ನು ತೋರಿಸಬೇಕಾದರೆ ಅವರೇ ಹೌದು ಅನ್ನಬೇಕು. ಸುಮ್ಮನಿದ್ದರೆ ಅದು ಹೌದು ಅಲ್ಲ" ಎಂದರು. ಮರುದಿನ ಆ ಹುಡುಗಿಯನ್ನು ಹುಡುಕಿಕೊಂಡು ಹೋಗಿ, "ನೀನು ಹೇಳಿದ್ದೇ ಸರಿ. ತಪ್ಪು ನನ್ನದು" ಎಂದೆ. ಬೇಕಾದರೆ ಪುಟವನ್ನೇ ಅಳಿಸುತ್ತೇವೆ ಎಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಪುಟ ಇರಲಿ ಅಕ್ಕ. ಅದನ್ನು ನೋಡಿ ಅರ್ಜಿ ಹಾಕಿದವರಿದ್ದಾರೆ. ಹೆಸರು ಮಾತ್ರ ಬೇಡ" ಎಂದಳು. ಈ ಲೇಖನವನ್ನೂ ಅವಳಿಗೆ ತೋರಿಸಿ, ಅವಳ ಒಪ್ಪಿಗೆ ಪಡೆದೇ ಕೊಡುತ್ತಿದ್ದೇನೆ.

ಸರಿಪಡಿಸಿದ ಬಗೆ

ಚೌಕವನ್ನು ತೆಗೆದು, ಅದರ ಜಾಗದಲ್ಲಿ ಮೂರು ಆಯ್ಕೆಗಳ ರೇಡಿಯೊ ಇಟ್ಟೆ: 'ಇನ್ನೂ ನಿರ್ಧರಿಸಿಲ್ಲ', 'ಹೆಸರು ತೋರಿಸಿ', 'ಹೆಸರು ತೋರಿಸಬೇಡಿ'. ಡಿಫಾಲ್ಟ್ 'ಇನ್ನೂ ನಿರ್ಧರಿಸಿಲ್ಲ'. ಹೆಸರು ಕಾಣುವುದು 'ತೋರಿಸಿ' ಎಂದವರದ್ದು ಮಾತ್ರ. ಉಳಿದ ಎರಡರಲ್ಲೂ ಕಾಣುವುದಿಲ್ಲ.

ಹೊರನೋಟಕ್ಕೆ ಮೊದಲನೆಯದೂ ಮೂರನೆಯದೂ ಬೇರೆಯಿಲ್ಲ. ಆದರೆ 'ತೋರಿಸಬೇಡಿ' ಎಂಬುದು ಡಿಫಾಲ್ಟ್‌ಗಿಂತ ಬೇರೆ ಬೆಲೆ. ಆದ್ದರಿಂದ ಅದಕ್ಕೆ ಟೇಬಲ್‌ನಲ್ಲಿ ಒಂದು ರೋ ಸೇರುತ್ತದೆ. ಈಗ 'ಬೇಡ' ಎಂದವರ 'ಬೇಡ'ಕ್ಕೂ ದಾಖಲೆ ಇದೆ. ಮುಂದೆ ನನ್ನ ಜಾಗಕ್ಕೆ ಬರುವವರು ಡಿಫಾಲ್ಟನ್ನು ಏನೇ ಮಾಡಿದರೂ ಅದು ಅಳಿಯುವುದಿಲ್ಲ. ಹೊಸ ಪ್ರಾಶಸ್ತ್ಯಕ್ಕೆ ಹೊಸ ಹೆಸರನ್ನೇ ಕೊಟ್ಟೆ. ಹಳೆಯ ಚೌಕದ ಅರೆಬರೆ ದಾಖಲೆ ಇದರೊಂದಿಗೆ ಬೆರೆಯಬಾರದು. ಎಲ್ಲರೂ ಹೊಸದಾಗಿ ಆರಿಸಿ ಎಂದು ಅಸೆಂಬ್ಲಿಯಲ್ಲಿ ಹೇಳಿದೆವು.

ಡಿಫಾಲ್ಟ್ ಬದಲಿಸಲೇಬೇಕಾದ ಸಂದರ್ಭವೂ ಬರಬಹುದು. ಮೀಡಿಯಾವಿಕಿಯ 1.42ನೇ ಆವೃತ್ತಿಯಿಂದ ಅದಕ್ಕೊಂದು ಸೌಕರ್ಯ ಇದೆ. ಒಂದು ದಿನಾಂಕ ಗೊತ್ತುಮಾಡಿ, ಅದರ ನಂತರ ತೆರೆದ ಖಾತೆಗಳಿಗೆ ಮಾತ್ರ ಹೊಸ ಡಿಫಾಲ್ಟ್ ಇಡಬಹುದು. ಹಳೆಯ ಸದಸ್ಯರಿಗೆ ಮೊದಲಿದ್ದದ್ದೇ ಇರುತ್ತದೆ.

ನೀವು ಮಾಡುವಾಗ ನೆನಪಿಡಬೇಕಾದದ್ದು

1. ಮೂಲ ಕೋಡನ್ನು ಮುಟ್ಟಬೇಡಿ, ಎಕ್ಸ್‌ಟೆನ್ಷನ್ ಬರೆಯಿರಿ.

2. ಚೌಕದ ಪಕ್ಕದ ವಾಕ್ಯವನ್ನು ಮೊದಲು ಕಾಗದದಲ್ಲಿ ಬರೆದು, ಕಂಪ್ಯೂಟರ್ ಸೈನ್ಸ್ ಓದದ ಗೆಳತಿಗೆ ಓದಲು ಕೊಡಿ. ಅವಳಿಗೆ ಅರ್ಥವಾಗದಿದ್ದರೆ ವಾಕ್ಯ ಬದಲಿಸಿ.

3. ಪ್ರಾಶಸ್ತ್ಯ ಎಂಬುದು ಬೀಗವಲ್ಲ. ಅದು ಸದಸ್ಯರೇ ಬದಲಿಸಬಹುದಾದ ಆಯ್ಕೆ. ಯಾರು ಏನನ್ನು ಮಾಡಬಹುದು, ಮಾಡಬಾರದು ಎಂಬುದಕ್ಕೆ ಅನುಮತಿಗಳ ವ್ಯವಸ್ಥೆ ಬೇರೆಯೇ ಇದೆ.

4. ಹೆಸರು, ಫೋನ್ ಸಂಖ್ಯೆ, ಫೋಟೋ, ಅಂಕಗಳಂಥ ವಿಷಯವಾದರೆ ಡಿಫಾಲ್ಟ್ ಯಾವಾಗಲೂ 'ತೋರಿಸಬಾರದು' ಎಂದೇ ಇರಲಿ.

5. ಡಿಫಾಲ್ಟ್ ಬದಲಿಸುವ ಮುನ್ನ ಟೇಬಲ್ ನೋಡಿ. ಅಲ್ಲಿ ಹೆಸರಿಲ್ಲದವರು ಯಾರು, ಅವರಿಗೆ ಏನಾಗುತ್ತದೆ ಎಂದು ಯೋಚಿಸಿ. ಆಮೇಲೆ ಅವರಿಗೇ ಹೇಳಿ.

6. ಯಾರಾದರೂ ಬಂದು 'ನಾನು ಸೇವ್ ಮಾಡಿದ್ದೆ' ಎಂದರೆ, ಟೇಬಲ್ ನೋಡುವ ಮೊದಲು ಅವರ ಮಾತನ್ನು ಪೂರ್ತಿ ಕೇಳಿ.

ಅಭ್ಯಾಸಕ್ಕೊಂದು ಕೆಲಸ: 'ಪುಟದ ಅಕ್ಷರಗಳು ದೊಡ್ಡದಾಗಿ ಕಾಣಲಿ' ಎಂಬ ಪ್ರಾಶಸ್ತ್ಯವನ್ನು ಸೇರಿಸಿ ನೋಡಿ. ಯಾವ ಟೈಪ್ ಸೂಕ್ತ, ಡಿಫಾಲ್ಟ್ ಏನಿರಬೇಕು, ಕನ್ನಡದ ವಾಕ್ಯ ಹೇಗಿರಬೇಕು ಎಂದು ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪ್ರಯೋಗ ಮಾಡಲು ಲ್ಯಾಬ್‌ನ ಎರಡನೇ ಕಂಪ್ಯೂಟರಿನಲ್ಲಿ ವಿಕಿಯ ಒಂದು ನಕಲು ಇಟ್ಟಿದ್ದೇವೆ. ಅಲ್ಲಿ ಏನು ಕೆಟ್ಟರೂ ತೊಂದರೆಯಿಲ್ಲ. ಅಲ್ಪವಿರಾಮದ ಮೇಲೊಂದು ಕಣ್ಣಿರಲಿ. ಸಂಶಯವಿದ್ದರೆ ಗುರುವಾರ ಮಧ್ಯಾಹ್ನದ ಬಿಡುವಿನಲ್ಲಿ ನಾನು ಲ್ಯಾಬ್‌ನಲ್ಲೇ ಇರುತ್ತೇನೆ, ಬನ್ನಿ.

ಇನ್ನೊಂದು ಮಾತು. ಹೊಸ ರೇಡಿಯೊದಲ್ಲಿ ನೀವು ಇನ್ನೂ ಏನನ್ನೂ ಆರಿಸದಿದ್ದರೆ, ಒಮ್ಮೆ ಪ್ರಾಶಸ್ತ್ಯಗಳ ಪುಟ ತೆರೆದು ಆರಿಸಿಬಿಡಿ. ಯಾವುದನ್ನು ಬೇಕಾದರೂ ಆರಿಸಿ. ಆರಿಸದಿದ್ದರೂ ನಿಮ್ಮ ಹೆಸರು ಕಾಣುವುದಿಲ್ಲ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ